ಚಾರ್ಜರ್ ತೆಗೆದರೆ ಮಾತು ಯಾಕೆ ತಡ?

ಲ್ಯಾಪ್‌ಟಾಪ್ ಚಾರ್ಜರ್ ತೆಗೆದ ಕೂಡಲೇ
ನಿಮ್ಮ ಸ್ಕ್ರೀನ್ ರೀಡರ್ ತಡವಾಗಿ ಮಾತಾಡುತ್ತಾ?

ಮೂರು ಸಲ ಟ್ಯಾಬ್ ಒತ್ತಿರ್ತೀರಿ.
ಮೊದಲನೇ ಬಟನ್ ಹೆಸರು ಈಗ ಕೇಳಿಸುತ್ತೆ.
ಸ್ಟಾಪ್ ದಾಟಿದ ಮೇಲೆ
ಕಂಡಕ್ಟರ್ ಕೂಗಿದ ಹಾಗೆ!

ಬ್ಯಾಟರಿ ಉಳಿಸೋಕೆ
ವಿಂಡೋಸ್ ಪ್ರೊಸೆಸರ್ ವೇಗ ಇಳಿಸಿರಬಹುದು.
ಆದರೆ ಪರದೆಯ ಅಕ್ಷರ ಹುಡುಕಿ,
ಅದನ್ನ ದನಿ ಮಾಡೋದೂ
ಅದೇ ಪ್ರೊಸೆಸರ್.
ಕಿವಿಯಿಂದಲೇ ಓದಿ
ಆನ್‌ಲೈನ್ ಪರೀಕ್ಷೆ ಬರೆಯೋರಿಗೆ
ಅರ್ಧ ಸೆಕೆಂಡೂ ತುಂಬಾ ದುಬಾರಿ.

ವಿಂಡೋಸ್ 11 ಇದೆಯಾ?
ವಿಂಡೋಸ್ ಕೀ ಜೊತೆ ಐ ಒತ್ತಿ.
ಸಿಸ್ಟಮ್.
ಪವರ್ ಅಂಡ್ ಬ್ಯಾಟರಿ.
ಎನರ್ಜಿ ಸೇವರ್ ಆನ್ ಇದ್ರೆ
ಮೊದಲು ಆಫ್ ಮಾಡಿ.
ಆಮೇಲೆ ಪವರ್ ಮೋಡ್‌ನಲ್ಲಿ
ಬೆಸ್ಟ್ ಪರ್ಫಾರ್ಮೆನ್ಸ್ ಆರಿಸಿ.

ಬ್ಯಾಟರಿ ಬೇಗ ಇಳಿಯುತ್ತೆ, ನಿಜ.
ಚಾರ್ಜರ್ ಬ್ಯಾಗಲ್ಲೇ ಇರಲಿ.

ಈಗ ಮತ್ತೆ ಟ್ಯಾಬ್ ಒತ್ತಿ,
ಕೇಳಿ ನೋಡಿ.