ಬಂಡಿ ಕಟ್ಟಿ ಬಂದವರು, ರೈಲು ಹತ್ತಿ ಬಂದವರು

ಹೊಸಕೋಟೆ ದಾಟಿ ಚಿಂತಾಮಣಿ ಕಡೆಗೆ ಹೊರಟ ಬಸ್ಸಿನಲ್ಲಿ ನಂದಗುಡಿಯವರ ಮಾತಿಗೆ ಕಿವಿಗೊಟ್ಟರೆ ಸಾಕು, ಈ ಸೀಮೆಯ ಗುಣ ತಿಳಿಯುತ್ತದೆ. ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ. ನಡುವೆ ಒಂದೆರಡು ಉರ್ದು ಪದ ನುಸುಳಿದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ ಕೂಡುವ ಈ ಮೂಲೆಯಲ್ಲಿ ಎರಡು ಭಾಷೆ ಬಲ್ಲವರನ್ನು ಯಾರೂ ವಿದ್ವಾಂಸರೆನ್ನುವುದಿಲ್ಲ. ಹತ್ತಿರದ ಕೈವಾರದ ತಾತಯ್ಯ, ಯೋಗಿ ನಾರೇಯಣ ಯತಿಗಳೇ ತೆಲುಗಿನಲ್ಲೂ ಕನ್ನಡದಲ್ಲೂ ಪದ ಕಟ್ಟಿದವರು.

ಆದರೆ ಕಳೆದ ಹತ್ತು ಹದಿನೈದು ವರ್ಷಗಳಿಂದ ಹೊಸಕೋಟೆ, ನರಸಾಪುರ, ದೇವನಹಳ್ಳಿ ನಡುವಿನ ಸೀಮೆಗೆ ಬೇರೆಯೇ ಮಾತು, ಬೇರೆಯೇ ಮುಖಗಳು ಬಂದಿವೆ. ಬಿಹಾರ, ಜಾರ್ಖಂಡ್, ಒಡಿಶಾ, ಪಶ್ಚಿಮ ಬಂಗಾಳ, ಅಸ್ಸಾಂ, ತ್ರಿಪುರದ ಹುಡುಗರು, ಹುಡುಗಿಯರು ಕಾರ್ಖಾನೆಯಲ್ಲಿ, ಗೋದಾಮಿನಲ್ಲಿ, ಇಟ್ಟಿಗೆ ಗೂಡಿನಲ್ಲಿ, ಕೋಳಿ ಫಾರಂನಲ್ಲಿ ದುಡಿಯುತ್ತಿದ್ದಾರೆ. ಅವರೆಲ್ಲರಿಗೂ ಊರು ಇಟ್ಟಿರುವ ಹೆಸರು ಒಂದೇ: ‘ಹಿಂದಿಯೋರು’. ಕಣ್ಣು ಸಣ್ಣಗಿದ್ದರೆ ‘ನೇಪಾಳಿ’. ಹೆಸರಿಟ್ಟ ಬೆನ್ನಿಗೇ ಬರುವ ಮಾತು, ‘ಊರು ಮೊದಲಿನ ಹಾಗಿಲ್ಲ’.

ಮೊದಲು ಹೇಗಿತ್ತು?

ಎಲ್ಲರೂ ಎಲ್ಲಿಂದಲೋ ಬಂದವರೇ

ನಂದಗುಡಿಗೆ ತನ್ನದೇ ಐತಿಹ್ಯವಿದೆ. ಊರಿನ ಹೆಸರನ್ನು ನವನಂದರ ಕಥೆಗೆ ಜೋಡಿಸಿ ಹೇಳುವ ವಾಡಿಕೆ ಹಳೆಯದು. ಮಗಧದ ಅರಸರು ಇಲ್ಲಿಗೆ ಬಂದಿದ್ದರೋ ಇಲ್ಲವೋ, ದೂರದವರನ್ನು ತನ್ನ ಮೂಲಪುರುಷರೆಂದು ಹೇಳಿಕೊಳ್ಳಲು ಊರು ನಾಚಲಿಲ್ಲ.

ಈ ನಾಡನ್ನು ಕಟ್ಟಿದ ಮೊರಸು ಒಕ್ಕಲಿಗರ ಕಥೆಯೂ ವಲಸೆಯ ಕಥೆಯೇ. ಕಂಚಿಯ ಕಡೆಯ ಪಾಳೆಯಗಾರನೊಬ್ಬನ ಕಾಟ ತಾಳಲಾರದೆ, ಮನೆಯ ಹೆಣ್ಣುಮಗಳ ಮಾನ ಉಳಿಸಿಕೊಳ್ಳಲು ರಾತ್ರೋರಾತ್ರಿ ಬಂಡಿ ಕಟ್ಟಿ ಹೊರಟ ಒಕ್ಕಲುಗಳು ನಂದಿಬೆಟ್ಟದ ಮಗ್ಗುಲಿನಲ್ಲಿ ತಂಗಿ, ಆವತಿಯಲ್ಲಿ ನೆಲೆಯೂರಿದವೆಂದು ಐತಿಹ್ಯ ಹೇಳುತ್ತದೆ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಪಾಳೆಯಪಟ್ಟುಗಳ ಬೇರು ಅಲ್ಲಿದೆ. ಹೊಸಕೋಟೆಯ ಕೋಟೆ 1595ರ ಸುಮಾರಿಗೆ ಸುಗಟೂರಿನ ಪಾಳೆಯಗಾರ ತಮ್ಮೇಗೌಡ ಕಟ್ಟಿಸಿದ್ದು.

1638ರಲ್ಲಿ ಬಿಜಾಪುರದ ಸೇನೆ ಬೆಂಗಳೂರು ಹಿಡಿದ ಮೇಲೆ ಹೊಸಕೋಟೆ, ಕೋಲಾರಗಳೂ ಮರಾಠ ಸರದಾರ ಶಹಾಜಿಯ ಜಹಗೀರಿಗೆ ಸೇರಿದವು. ಮರಾಠರೂ ದಖನಿ ಉರ್ದು ಆಡುವ ಮುಸ್ಲಿಮರೂ ಈ ಕಡೆ ಬೇರೂರಿದರು. ತಮಿಳು ಮೂಲದ ತಿಗಳರು ತೋಟಗಾರಿಕೆಯ ಕಸುಬು ತಂದರು, ಜೊತೆಗೆ ದ್ರೌಪದಮ್ಮನ ಕರಗವನ್ನೂ ತಂದರು. ಇವತ್ತು ಕರಗವನ್ನು ಹೊರಗಿನಿಂದ ಬಂದ ಆಚರಣೆ ಎನ್ನುವ ಧೈರ್ಯ ಯಾರಿಗಿದೆ?

ಜಮೀನು ಉಳಿಯಿತು, ಜನ ಬದಲಾದರು

ಹೊಸ ವಲಸೆಯ ಕಥೆ ಕಾರ್ಖಾನೆಯಿಂದ ಶುರುವಾಗುತ್ತದೆ. 1998ರಲ್ಲಿ ಹೊಸಕೋಟೆ ತಾಲ್ಲೂಕಿನಲ್ಲಿ ವೋಲ್ವೊ ಲಾರಿ ತಯಾರಿಕೆ ಆರಂಭವಾಯಿತು. ಕೋಲಾರ ರಸ್ತೆಯ ನರಸಾಪುರಕ್ಕೆ 2013ರಲ್ಲಿ ಹೊಂಡಾ ಸ್ಕೂಟರ್ ಕಾರ್ಖಾನೆ ಬಂತು, ಆಮೇಲೆ ಐಫೋನ್ ಜೋಡಿಸುವ ವಿಸ್ಟ್ರಾನ್. 2020ರ ಡಿಸೆಂಬರ್‌ನಲ್ಲಿ ಸಂಬಳದ ತಕರಾರಿನಿಂದ ಅಲ್ಲಿ ಗಲಭೆಯಾದಾಗ, ಕಾರ್ಖಾನೆ ತುಂಬ ಇದ್ದವರು ಗುತ್ತಿಗೆ ಕಾರ್ಮಿಕರೆಂಬುದು ನಾಡಿಗೆಲ್ಲ ಗೊತ್ತಾಯಿತು. 2023ರಲ್ಲಿ ಅದು ಟಾಟಾ ಕೈಗೆ ಬಂತು. ದೇವನಹಳ್ಳಿಯ ಬಳಿ 300 ಎಕರೆಯಲ್ಲಿ ಫಾಕ್ಸ್‌ಕಾನ್ ಎದ್ದಿತು. 2025ರ ಕೊನೆಯ ಹೊತ್ತಿಗೆ ಅಲ್ಲಿ ಸುಮಾರು 30,000 ಮಂದಿ, ಹೆಚ್ಚಿನವರು ಹರೆಯದ ಹೆಣ್ಣುಮಕ್ಕಳು, ಕೆಲಸಕ್ಕೆ ಸೇರಿದ್ದಾರೆಂದು ವರದಿಯಾಯಿತು. ಗಡಿಯಾಚೆಯ ಹೊಸೂರಿನ ಐಫೋನ್ ಘಟಕಕ್ಕೆ ರಾಂಚಿ, ಹಜಾರಿಬಾಗ್ ಸುತ್ತಲಿನ 6,000 ಆದಿವಾಸಿ ಮಹಿಳೆಯರಿಗೆ ತರಬೇತಿ ನೀಡಲಾಗಿದೆಯೆಂದು 2022ರಲ್ಲಿ ಕೇಂದ್ರ ಸಚಿವರೇ ಹೇಳಿದ್ದರು.

ಇದರಲ್ಲಿ ನಂದಗುಡಿಯ ಪಾಲಿಗೆ ಒಂದು ವಿಪರ್ಯಾಸವಿದೆ. 2006ರಲ್ಲಿ ರಾಜ್ಯ ಸರ್ಕಾರ ಬಿಡದಿ, ರಾಮನಗರ, ಸೋಲೂರು, ಸಾತನೂರುಗಳ ಜೊತೆಗೆ ನಂದಗುಡಿಯನ್ನೂ ಉಪನಗರದ ಪಟ್ಟಿಗೆ ಸೇರಿಸಿತು. ಬೆನ್ನಿಗೇ ಸುಮಾರು 12,000 ಎಕರೆಯ ವಿಶೇಷ ಆರ್ಥಿಕ ವಲಯದ ಪ್ರಸ್ತಾಪ ಬಂತು. ಊರಿಗೆ ಊರೇ ಎದ್ದುಹೋಗುತ್ತದೆಂದು ರೈತರು ತಿರುಗಿಬಿದ್ದರು. ಯೋಜನೆ ನೆನೆಗುದಿಗೆ ಬಿತ್ತು. ಪಕ್ಕದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರೂ ಮೂರು ವರ್ಷಕ್ಕೂ ಮೀರಿ ಧರಣಿ ಕೂತು, 1,777 ಎಕರೆಯ ಸ್ವಾಧೀನವನ್ನು 2025ರ ಜುಲೈನಲ್ಲಿ ಕೈಬಿಡಿಸಿದರು.

ಜಮೀನನ್ನು ಹೀಗೆ ಕಾಪಾಡಿಕೊಂಡ ಸೀಮೆಯಲ್ಲೇ ಜನ ಬದಲಾದರು. ಕೊಳವೆಬಾವಿ ಸಾವಿರ ಅಡಿ ದಾಟಿದರೂ ನೀರಿಲ್ಲ. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ನೀಲಗಿರಿ ನಿಂತಿತು. ಅದಕ್ಕೆ ಆಳು ಬೇಡ, ಕಾವಲು ಬೇಡ. ಓದಿದ ಮಕ್ಕಳು ಬೆಂಗಳೂರಿಗೆ ಹೋದರು. ಕೈಯಲ್ಲಿ ಉಳಿದ ಸೈಟಿನಲ್ಲಿ ಶೀಟ್ ಹೊದಿಸಿ ಸಾಲು ರೂಮು ಕಟ್ಟಿದವರಿಗೆ ಮಳೆ ಬೇಡದ ಬೆಳೆಯೊಂದು ಸಿಕ್ಕಿತು: ಬಾಡಿಗೆ. ಹೊರಗಿನವರಿಂದ ಊರು ಕೆಟ್ಟಿತೆಂದು ಬೆಳಿಗ್ಗೆ ಗೊಣಗುವ ಮನೆಯೇ ಸಂಜೆ ಹೊಸ ಬಾಡಿಗೆದಾರನಿಂದ ಅಡ್ವಾನ್ಸ್ ಎಣಿಸಿಕೊಳ್ಳುತ್ತದೆ.

ಮುಖ ನೋಡಿ ಹೆಸರಿಟ್ಟರೆ

‘ಹಿಂದಿಯೋರು’ ಎಂಬ ಹೆಸರಿನೊಳಗೆ ಯಾರೆಲ್ಲ ಇದ್ದಾರೆ? ಜಾರ್ಖಂಡ್‌ನ ಉರಾಂವ್ ಹುಡುಗಿಯ ಮನೆಮಾತು ಕುಡುಖ್ ಆಗಿರಬಹುದು. ಅದು ಕನ್ನಡ, ತೆಲುಗಿನಂತೆಯೇ ದ್ರಾವಿಡ ಭಾಷೆ. ಹಿಂದಿಗಿಂತ ನಮಗೇ ಹತ್ತಿರದ ನಂಟು. ಅವಳ ಪಕ್ಕದ ಮಂಚದವಳದು ಮುಂಡಾರಿಯೋ ಸಂತಾಲಿಯೋ ಆದರೆ ಅವು ಬೇರೆಯದೇ ಕುಟುಂಬದವು. ಹಿಂದಿ ಅವರಿಗೂ ಕಲಿತ ಮಾತು. ಅಸ್ಸಾಮಿನಿಂದ ಬಂದ ಹುಡುಗನ ಮುತ್ತಜ್ಜನನ್ನು ಬ್ರಿಟಿಷರು ಚಹಾ ತೋಟದ ಕೂಲಿಗೆಂದು ಛೋಟಾ ನಾಗಪುರದಿಂದ ಸಾಗಿಸಿದ್ದಿರಬಹುದು. ಹಾಗಾದರೆ ವಲಸೆ ಹೋದವರ ಮರಿಮಗನೇ ಮತ್ತೆ ವಲಸೆ ಬಂದಿದ್ದಾನೆ.

ಮುಖ ನೋಡಿ ಜನರನ್ನು ಅಳೆಯುವ ಚಾಳಿಯ ಬೆಲೆ ಬೆಂಗಳೂರಿಗೆ ಗೊತ್ತಿದೆ. 2012ರ ಆಗಸ್ಟ್‌ನಲ್ಲಿ ಮೊಬೈಲಿನಲ್ಲಿ ಹರಿದ ಗಾಳಿಸುದ್ದಿಗೆ ಹೆದರಿ ಈಶಾನ್ಯದ ಸಾವಿರಾರು ಮಂದಿ ಎರಡು ಮೂರು ದಿನಗಳಲ್ಲೇ ಗುವಾಹಟಿಯ ರೈಲು ಹತ್ತಿದರು. ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಅವರು ಇಲ್ಲಿಯವರೆಂಬ ನಂಬಿಕೆ ಅವರಲ್ಲೂ ಇರಲಿಲ್ಲ, ನಮ್ಮಲ್ಲೂ ಇರಲಿಲ್ಲ.

ನೆಲ ಸಿಕ್ಕವರು, ರೂಮು ಸಿಕ್ಕವರು

ಹಳೆಯ ವಲಸೆಗೂ ಹೊಸ ವಲಸೆಗೂ ನಿಜವಾದ ವ್ಯತ್ಯಾಸ ಮುಖದಲ್ಲೂ ಇಲ್ಲ, ಭಾಷೆಯಲ್ಲೂ ಇಲ್ಲ. ಬಂದವರಿಗೆ ಇಲ್ಲಿ ಏನು ಸಿಕ್ಕಿತು ಎಂಬುದರಲ್ಲಿದೆ. ಬಂಡಿ ಕಟ್ಟಿ ಬಂದವರಿಗೆ ಕಾಡು ಕಡಿದು ಉಳಲು ನೆಲ ಸಿಕ್ಕಿತು. ತಿಗಳರಿಗೆ ತೋಟ ಸಿಕ್ಕಿತು, ದೇವಸ್ಥಾನ ಕಟ್ಟಿಕೊಳ್ಳಲು ಜಾಗ ಸಿಕ್ಕಿತು. ನಮ್ಮ ಕಾಲದಲ್ಲೇ, 1960ರ ದಶಕದ ಆರಂಭದಲ್ಲಿ, ಟಿಬೆಟಿನಿಂದ ಬಂದ ನಿರಾಶ್ರಿತರಿಗೆ ಮೈಸೂರು ರಾಜ್ಯ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಅವರ ಮುಖ, ಮಾತು, ಧರ್ಮ ಎಲ್ಲವೂ ಬೇರೆ. ಆದರೂ ಅಲ್ಲಿ ಮೆಕ್ಕೆಜೋಳ ಬೆಳೆದರು, ಶಾಲೆ ಕಟ್ಟಿದರು. ಇವತ್ತು ಕೊಡಗಿಗೆ ಹೋದವರೆಲ್ಲ ಅಲ್ಲಿನ ಚಿನ್ನದ ಬುದ್ಧನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ರೈಲು ಹತ್ತಿ ಬಂದ ಕಾರ್ಮಿಕನಿಗೆ ಸಿಗುವುದು ಮೇಸ್ತ್ರಿ, ಪಾಳಿ, ಹಾಸ್ಟೆಲಿನ ಮಂಚ ಅಥವಾ ನಾಲ್ಕೈದು ಮಂದಿ ಹಂಚಿಕೊಂಡ ರೂಮು. ಬಾಡಿಗೆ ಕರಾರು ಇಲ್ಲದಿದ್ದರೆ ಇಲ್ಲಿನ ವಿಳಾಸವೇ ಅವನಿಗಿಲ್ಲ. ವೋಟು ಊರಲ್ಲಿ, ದುಡಿಮೆ ಇಲ್ಲಿ. ವೋಟಿಲ್ಲದವನ ಬೀದಿಗೆ ಚರಂಡಿ ಕೇಳುವವರು ಯಾರು? 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ನಡುವೆ ಊರಿಗೆ ಮರಳಲು ಕಾದಿದ್ದ ಕಾರ್ಮಿಕರ ರೈಲುಗಳನ್ನು ರಾಜ್ಯ ಸರ್ಕಾರ ರದ್ದು ಮಾಡಿತು. ಬಿಲ್ಡರುಗಳ ಜೊತೆ ಮಾತುಕತೆಯಾದ ಬೆನ್ನಿಗೇ ಆ ತೀರ್ಮಾನ ಬಂತು. ಟೀಕೆ ಎದ್ದ ಮೇಲೆ ರೈಲು ಮತ್ತೆ ಹೊರಟಿತು. ಕೈಗಳು ಬೇಕು, ಆ ಕೈಗಳ ಒಡೆಯ ಬೇಡ ಎಂಬ ನಮ್ಮ ಮನಸ್ಸು ಆ ಎರಡು ಮೂರು ದಿನಗಳಲ್ಲಿ ಬಯಲಾಯಿತು.

ಸ್ಥಳೀಯರ ಸಂಕಟವೂ ಸುಳ್ಳಲ್ಲ. ಜಮೀನು ಕೊಟ್ಟ ಮನೆಯ ಹುಡುಗನಿಗೆ ಗೇಟಿನ ಕಾವಲು ಕೆಲಸ, ಅದೂ ಗುತ್ತಿಗೆಯಲ್ಲಿ ಸಿಕ್ಕರೆ ಹೊಟ್ಟೆ ಉರಿಯುತ್ತದೆ. ಖಾಸಗಿ ಉದ್ಯಮದ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70ರಷ್ಟನ್ನು ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ 2024ರ ಜುಲೈನಲ್ಲಿ ಸಂಪುಟ ಒಪ್ಪಿ, ಉದ್ಯಮಿಗಳು ಗದ್ದಲ ಎಬ್ಬಿಸಿದೊಡನೆ ತಡೆಹಿಡಿಯಿತು. ಆದರೆ ಸ್ಥಳೀಯನಿಗೆ ಕಾಯಂ ಕೆಲಸ ಕೊಡದ ವ್ಯವಸ್ಥೆಯೇ ದೂರದವನನ್ನೂ ಗುತ್ತಿಗೆಗೆ ತಂದು ಮಲಗಿಸಿರುವುದು. ಮನೆಗೆ ಹೋಗಲಾಗದ, ಸಂಘ ಕಟ್ಟಲಾಗದ, ಹಬ್ಬಕ್ಕೆ ರಜೆ ಕೇಳಲಾಗದ ಕೆಲಸಗಾರ ಕಾರ್ಖಾನೆಗೆ ಅಗ್ಗ. ಅವನಿಗೆ ಹಕ್ಕು ಸಿಕ್ಕ ದಿನ ಸ್ಥಳೀಯನ ಬೆಲೆಯೂ ಏರುತ್ತದೆ. ಇಬ್ಬರ ಜಗಳದಲ್ಲಿ ಲಾಭ ಮೂರನೆಯವನಿಗೆ.

ಬರಲಿರುವ ಲೆಕ್ಕ

2011ರ ಜನಗಣತಿಯಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಜನಸಂಖ್ಯೆ 9,90,923. ಆಮೇಲೆ ಬಂದವರು ಯಾರು, ಎಷ್ಟು ಎಂಬುದಕ್ಕೆ ಲೆಕ್ಕವಿಲ್ಲ, ಊಹೆ ಮಾತ್ರ. 2021ರಲ್ಲಿ ಆಗಬೇಕಿದ್ದ ಗಣತಿ 2027ಕ್ಕೆ ಬಂದಿದೆ. ಹಾಸ್ಟೆಲ್, ಶೀಟ್ ಮನೆ, ಇಟ್ಟಿಗೆ ಗೂಡಿನ ಜೋಪಡಿಗಳನ್ನು ಬಿಡದೆ ಎಣಿಸಿದರೆ ಈ ಸೀಮೆಯ ನಿಜವಾದ ಚಿತ್ರ ಸಿಗುತ್ತದೆ. ಎಣಿಸಿದ ಮೇಲೆ ಪಂಚಾಯಿತಿಗೆ ನೀರು, ಅಂಗನವಾಡಿ, ಶಾಲಾ ಕೊಠಡಿ ಕೇಳಲು ಕಾರಣವೂ ಸಿಗುತ್ತದೆ. ಮಕ್ಕಳಿಲ್ಲದೆ ಮುಚ್ಚುವ ಭಯದಲ್ಲಿರುವ ಸರ್ಕಾರಿ ಕನ್ನಡ ಶಾಲೆಗಳಿಗೆ ಈ ಕಾರ್ಮಿಕರ ಮಕ್ಕಳು ಬರುವುದಕ್ಕಿಂತ ದೊಡ್ಡ ಭಾಷಾ ಸೇವೆ ಇನ್ನೊಂದಿಲ್ಲ.

ಕಳೆದ ಗಣತಿಯಲ್ಲಿ ಮಾತೃಭಾಷೆಯ ಕಾಲಂ ಪಕ್ಕದಲ್ಲಿ ‘ತಿಳಿದಿರುವ ಇತರ ಭಾಷೆಗಳು’ ಎಂಬ ಕಾಲಂ ಇತ್ತು. ರಾಂಚಿಯಿಂದ ಬಂದವಳ ಮೊದಲ ಕಾಲಂ ಅವಳ ಅಮ್ಮನಿಂದ ಬಂದದ್ದು, ಅದನ್ನು ಬದಲಿಸುವ ಹಕ್ಕು ಯಾರಿಗೂ ಇಲ್ಲ. ಎರಡನೆಯ ಕಾಲಂನಲ್ಲಿ ಕನ್ನಡ ಬರುತ್ತದೋ ಇಲ್ಲವೋ ಎಂಬುದು ಮಾತ್ರ, ಅವಳ ಜೊತೆ ಬಾಡಿಗೆಯ ಆಚೆಗೆ ಇನ್ನೊಂದು ಮಾತು ಆಡಿದೆವೋ ಇಲ್ಲವೋ ಎಂಬುದರ ಮೇಲೆ ನಿಂತಿದೆ.