ಮನೆಯ ಮಾತೂ ಮದ್ದೇ

"ಎದೆ ಡವಡವ ಅಂತದೆ, ಕೈಕಾಲು ಸೆಳೀತದೆ, ರಾತ್ರಿಯೆಲ್ಲಾ ನಿದ್ದೆ ಇಲ್ಲ, ಅನ್ನ ಸೇರಲ್ಲ." ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಮನಸ್ಸಿನ ಸಂಕಟ ಆಸ್ಪತ್ರೆಯ ಬಾಗಿಲಿಗೆ ಬರುವುದು ಹೆಚ್ಚಾಗಿ ಹೀಗೆ, ಮೈನೋವಿನ ರೂಪದಲ್ಲಿ. ರಕ್ತಪರೀಕ್ಷೆ, ಇಸಿಜಿ ಎಲ್ಲ ಮುಗಿದು "ಏನೂ ತೊಂದರೆ ಇಲ್ಲ" ಎಂದು ವೈದ್ಯರು ಹೇಳಿದ ಮೇಲೆ ನಿಜವಾದ ಕಷ್ಟ ಶುರುವಾಗುತ್ತದೆ. ನೋವು ಇದ್ದಲ್ಲೇ ಇದೆ. ಮನೆಯವರ ಕಣ್ಣಿಗೆ ಮಾತ್ರ ಅದು ನೆಪವಾಗಿ ಕಾಣತೊಡಗುತ್ತದೆ. "ಡಾಕ್ಟ್ರೇ ಏನೂ ಇಲ್ಲ ಅಂದ್ರು, ಎದ್ದು ಕೆಲಸ ನೋಡು" ಎಂಬ ಒಂದು ಮಾತಿಗೆ ಆ ಜೀವ ಇನ್ನಷ್ಟು ಕುಗ್ಗುತ್ತದೆ.

ಬರದ ಸುದ್ದಿಯ ಜೊತೆಗೇ ಹೆಸರು ಕೇಳಿಬರುವ ತಾಲ್ಲೂಕುಗಳಿವು. 2002ರಲ್ಲಿ ಸಲ್ಲಿಕೆಯಾದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿಯಲ್ಲಿ ನಾಲ್ಕೂ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿವೆ. ಬತ್ತಿದ ಕೊಳವೆಬಾವಿ ಉಳಿಸಿಹೋದ ಸಾಲ, ಮಳೆ ಕೈಕೊಟ್ಟ ಕಡ್ಲೆಕಾಯಿ ಹೊಲ, ದುಡಿಮೆಗೆಂದು ಬೆಂಗಳೂರು ಸೇರಿದ ಮಕ್ಕಳು, ಊರಲ್ಲಿ ಉಳಿದ ಅಜ್ಜ ಅಜ್ಜಿ. ಹೊರಗಿನ ಈ ಒತ್ತಡವೆಲ್ಲ ಸಂಜೆಯ ಹೊತ್ತಿಗೆ ಹೊಸಿಲು ದಾಟಿ ಒಳಗೆ ಬರುತ್ತದೆ. ಅಲ್ಲಿಂದಾಚೆಗೆ ಅದು ಗಂಡ ಹೆಂಡಿರ ಜಗಳ, ಅತ್ತೆ ಸೊಸೆಯ ಮುನಿಸು, ಮಗನ ಮೇಲಿನ ಸಿಟ್ಟು.

ಇದರ ಬೆಲೆ ಚಿಕ್ಕದಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರು 1,70,924 ಮಂದಿ. ದಾಖಲಾದ ಕಾರಣಗಳಲ್ಲಿ ಮೊದಲನೆಯದು ಕೌಟುಂಬಿಕ ಸಮಸ್ಯೆ, ಶೇ 31.7. ಒಂದು ಸಾವಿಗೆ ಒಂದೇ ಕಾರಣ ಇರುವುದಿಲ್ಲ, ನಿಜ. ಆದರೂ ಮನೆಯೊಳಗಿನ ಮಾತುಕತೆಯನ್ನು ಆರೋಗ್ಯದ ವಿಷಯವೆಂದೇ ನೋಡಬೇಕು ಎನ್ನುವುದಕ್ಕೆ ಈ ಅಂಕಿ ಸಾಕು. ಮಳೆ ಯಾರ ಕೈಯಲ್ಲೂ ಇಲ್ಲ, ಸಾಲದ ಬಡ್ಡಿಯೂ ಅಷ್ಟೇ. ಮನೆಯಲ್ಲಿ ಆಡುವ ಮಾತು ಮಾತ್ರ ಮನೆಯವರ ಕೈಯಲ್ಲೇ ಇದೆ. ಆ ಮಾತಿಗೆ ಎಷ್ಟು ಬಲವಿದೆ ಎಂಬುದನ್ನು ವಿಜ್ಞಾನ ಲೆಕ್ಕವಿಟ್ಟು ನೋಡಿದೆ.

ಟೀಕೆಯನ್ನು ಎಣಿಸಿದವರು

1950ರ ದಶಕದಲ್ಲಿ ಲಂಡನ್ನಿನ ಸಮಾಜವಿಜ್ಞಾನಿ ಜಾರ್ಜ್ ಬ್ರೌನ್ ಅವರಿಗೆ ಒಂದು ವಿಚಿತ್ರ ಸಂಗತಿ ಕಂಡಿತು. ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಹೊರಬಿದ್ದವರಲ್ಲಿ ಹೆತ್ತವರ ಅಥವಾ ಸಂಗಾತಿಯ ಮನೆಗೆ ಮರಳಿದ ಹಲವರು ಮತ್ತೆ ಕಾಯಿಲೆ ಬೀಳುತ್ತಿದ್ದರು. ಬಾಡಿಗೆ ಕೋಣೆ ಹಿಡಿದವರು, ಅಣ್ಣ ತಮ್ಮಂದಿರ ಮನೆ ಸೇರಿದವರು ಅವರಿಗಿಂತ ಚೆನ್ನಾಗಿದ್ದರು. ಪ್ರೀತಿಯಿರುವ ಕಡೆಯೇ ಹೀಗೇಕೆ? ಬ್ರೌನ್ ಮತ್ತು ಸಂಗಡಿಗರು ಮನೆಯವರನ್ನು ಕೂರಿಸಿ ಗಂಟೆಗಟ್ಟಲೆ ಮಾತನಾಡಿಸಿದರು. ಆ ಮಾತಿನಲ್ಲಿ ಟೀಕೆ ಎಷ್ಟು ಸಲ ಬಂತು, ದನಿಯಲ್ಲಿ ಹಗೆ ಇತ್ತೇ, ಅತಿಯಾದ ಕಾಳಜಿ ಇತ್ತೇ, ಬೆಚ್ಚನೆಯ ಮಾತು ಇತ್ತೇ ಎಂದು ಒಂದೊಂದನ್ನೂ ಗುರುತು ಹಾಕಿಕೊಂಡರು. ಟೀಕೆ, ಹಗೆ, ಅತಿಕಾಳಜಿ ಹೆಚ್ಚಿದ್ದ ಮನೆಗಳಲ್ಲಿ ಕಾಯಿಲೆ ಮರುಕಳಿಸುವುದೂ ಹೆಚ್ಚಿತ್ತು. 1972 ಮತ್ತು 1976ರಲ್ಲಿ ಪ್ರಕಟವಾದ ಅಧ್ಯಯನಗಳು ಇದನ್ನು ಗಟ್ಟಿ ಮಾಡಿದವು.

ಇದೇ ಅಳತೆಗೋಲನ್ನು ಚಂಡೀಗಢ ಮತ್ತು ಅದರ ಸುತ್ತಲಿನ ಹಳ್ಳಿಗಳಿಗೆ ತಂದ ತಂಡದ ವರದಿ 1987ರಲ್ಲಿ ಬಂತು. ಅಲ್ಲಿನ ಕುಟುಂಬಗಳಲ್ಲಿ ಟೀಕೆ ಲಂಡನ್ನಿನ ಮನೆಗಳಿಗಿಂತ ಕಡಿಮೆ ಇತ್ತು. ಆದರೆ ಹಗೆಯ ದನಿ ಇದ್ದ ಮನೆಗಳಲ್ಲಿ ಅಲ್ಲಿಯೂ ಕಾಯಿಲೆ ಮರುಕಳಿಸುತ್ತಿತ್ತು.

ಈ ಅಧ್ಯಯನಗಳು ತೀವ್ರ ಮನೋರೋಗಿಗಳ ಮನೆಗಳವು. ಆಮೇಲಿನ ಸಂಶೋಧನೆಗಳು ಖಿನ್ನತೆಯಲ್ಲೂ ಇದೇ ಎಳೆಯನ್ನು ಕಂಡಿವೆ. ದಿನನಿತ್ಯದ ಬದುಕಿಗೆ ಇದರಿಂದ ಸಿಗುವ ತಿಳಿವಳಿಕೆ ನೇರವಾದದ್ದು: ಮಾಡಿದ ಕೆಲಸವನ್ನು ಟೀಕಿಸುವುದು ಬೇರೆ, ಮನುಷ್ಯನನ್ನೇ ಟೀಕಿಸುವುದು ಬೇರೆ. "ನಿನ್ನೆ ಹಸುಗೆ ನೀರು ಕುಡಿಸಿರಲಿಲ್ಲ, ಮೈಯಲ್ಲಿ ಹುಷಾರಿಲ್ವಾ?" ಎಂಬ ಮಾತಿಗೆ ಉತ್ತರ ಕೊಡಬಹುದು. "ನೀನು ಹುಟ್ಟಾ ಸೋಮಾರಿ" ಎಂಬ ಮಾತಿಗೆ ಉತ್ತರವೇ ಇಲ್ಲ. ಅತಿಕಾಳಜಿಯೂ ಹೀಗೆಯೇ. ಕಾಯಿಲೆಯವರ ಕೈಯಿಂದ ಪೊರಕೆ ಕಸಿದುಕೊಂಡು, ಎದುರಿಗೇ ಕಣ್ಣೀರು ಹಾಕುತ್ತಾ, ಒಂದು ಗಳಿಗೆಯೂ ಒಂಟಿಯಾಗಿ ಬಿಡದ ತಾಯಿಯ ಪ್ರೀತಿ "ನಿನ್ನಿಂದ ಏನೂ ಆಗದು" ಎಂಬ ಸಂದೇಶವನ್ನೇ ಕೊಡುತ್ತಿರುತ್ತದೆ.

ಇಷ್ಟಕ್ಕೆ ಕುಟುಂಬವೇ ಕಾಯಿಲೆಯ ಮೂಲ ಎಂದು ತೀರ್ಮಾನಿಸಿದರೆ ಅದು ಅನ್ಯಾಯ. ಕುಟುಂಬವನ್ನೇ ಚಿಕಿತ್ಸೆಯ ಜೊತೆಗಾರನನ್ನಾಗಿ ಮಾಡಿಕೊಂಡ ಹೆಮ್ಮೆಯ ಪರಂಪರೆ ನಮ್ಮ ದೇಶಕ್ಕಿದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲೇ ಡೇರೆ ಹಾಕಿಸಿ, ರೋಗಿಗಳ ಜೊತೆ ಬಂಧುಗಳನ್ನೂ ಉಳಿಸಿಕೊಂಡರು. ರೋಗಿಯನ್ನು ನೋಡಿಕೊಳ್ಳುತ್ತಲೇ ಕಾಯಿಲೆ ಎಂದರೇನು ಎಂಬುದನ್ನು ಬಂಧುಗಳು ಕಲಿತರು. ಬೆಂಗಳೂರಿನ ನಿಮ್ಹಾನ್ಸ್ 1970ರ ದಶಕದಲ್ಲಿ ಕುಟುಂಬಗಳಿಗಾಗಿಯೇ ಪ್ರತ್ಯೇಕ ಕೇಂದ್ರ ತೆರೆಯಿತು.

ತಿರುಮಣಿಯ ಹೊಲಗಳು

ಮಾತಿನ ಹಾಗೆ ಕೆಲಸವೂ ಮನಸ್ಸನ್ನು ಕಾಯುತ್ತದೆ. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಲಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಎದ್ದು ನಿಂತಿದೆ. ರೈತರು ಜಮೀನು ಮಾರಲಿಲ್ಲ. ವರ್ಷಕ್ಕೆ ಎಕರೆಗೆ 21,000 ರೂಪಾಯಿಯ ಆರಂಭಿಕ ದರದಲ್ಲಿ 28 ವರ್ಷಗಳ ಗುತ್ತಿಗೆಗೆ ಕೊಟ್ಟರು. ಮಳೆ ನಂಬಿ ಸೋತಿದ್ದ ಮನೆಗಳಿಗೆ ನಿಶ್ಚಿತ ಆದಾಯ ಬಂತು, ಅದು ದೊಡ್ಡ ನೆಮ್ಮದಿ. ಜಮೀನಿಲ್ಲದ ಕೂಲಿಯವರಿಗೆ ಮಾತ್ರ ಗುತ್ತಿಗೆ ಹಣವೂ ಇಲ್ಲ, ಕಳೆ ಕೀಳುವ, ಕಾಯಿ ಬಿಡಿಸುವ ಕೆಲಸವೂ ಇಲ್ಲ.

ಹಣ ಬಂದೂ ಕೆಲಸ ಹೋದರೆ, ಅಥವಾ ಹಣವೂ ಕೆಲಸವೂ ಎರಡೂ ಹೋದರೆ ಮನಸ್ಸಿಗೆ ಏನಾಗುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕಿದ ಹಳೆಯ ಅಧ್ಯಯನವೊಂದು ಆಸ್ಟ್ರಿಯಾದ್ದು. ವಿಯೆನ್ನಾ ಬಳಿಯ ಮರಿಯೆಂಟಾಲ್ ಎಂಬ ಊರು ಬದುಕುತ್ತಿದ್ದುದೇ ಒಂದು ಬಟ್ಟೆ ಕಾರ್ಖಾನೆಯ ಮೇಲೆ. ಅದು ಮುಚ್ಚಿತು. ಮೇರಿ ಯಹೋಡಾ ಮತ್ತು ಸಂಗಡಿಗರು ಆ ಊರಿನಲ್ಲಿ ಬೀಡುಬಿಟ್ಟು ನೋಡಿದ್ದನ್ನು 1933ರಲ್ಲಿ ಪ್ರಕಟಿಸಿದರು. ಬೇಕಾದಷ್ಟು ಬಿಡುವಿದ್ದರೂ ಜನ ಗ್ರಂಥಾಲಯದ ಪುಸ್ತಕ ಓದುವುದು ಕಡಿಮೆಯಾಯಿತು. ಬೀದಿಯಲ್ಲಿ ಗಂಡಸರ ನಡಿಗೆ ನಿಧಾನವಾಯಿತು, ಹೆಜ್ಜೆಗೊಮ್ಮೆ ನಿಲ್ಲತೊಡಗಿದರು. ಇಡೀ ದಿನ ಏನು ಮಾಡಿದಿರಿ ಎಂದು ಕೇಳಿದರೆ ಹೇಳಲು ಅವರಿಗೆ ತೋಚುತ್ತಿರಲಿಲ್ಲ. ಮನೆಗೆಲಸ ತಪ್ಪದ ಹೆಂಗಸರು ಮಾತ್ರ ಹಿಂದಿನಂತೆಯೇ ಬಿರುಸಾಗಿ ಓಡಾಡುತ್ತಿದ್ದರು. ಕೆಲಸ ಎಂಬುದು ಕೂಲಿಯ ಜೊತೆಗೆ ದಿನಕ್ಕೊಂದು ಕ್ರಮ, ನಾಲ್ಕು ಜನರ ಒಡನಾಟ, ಒಂದು ಗುರಿ, ಊರಲ್ಲೊಂದು ಸ್ಥಾನ ಕೊಡುತ್ತದೆ ಎಂದು ಯಹೋಡಾ ಮುಂದೆ ವಿವರಿಸಿದರು.

ಬಯಲುಸೀಮೆಯ ಮನೆಗಳಿಗೆ ಇದು ಹತ್ತಿರದ ಮಾತು. ಜಮೀನು ಗುತ್ತಿಗೆಗೆ ಕೊಟ್ಟ ಯಜಮಾನ, ಮಳೆಯಿಲ್ಲದೆ ಬೀಳುಬಿಟ್ಟ ಹೊಲದ ರೈತ, ಮಕ್ಕಳ ಒತ್ತಾಯಕ್ಕೆ ಕುರಿ ಮಾರಿದ ಮುದುಕ: ಇವರಲ್ಲಿ ಯಾರಾದರೂ ದಿನವಿಡೀ ಜಗಲಿ ಬಿಟ್ಟು ಏಳದಿದ್ದರೆ "ಈಗ ಆರಾಮ ಅಲ್ವಾ" ಎನ್ನುವ ಮೊದಲು ಮನೆಯವರು ಸ್ವಲ್ಪ ಯೋಚಿಸಬೇಕು. ಖಿನ್ನತೆಯಲ್ಲಿ ಮನಸ್ಸು ಬಂದ ಮೇಲೆ ಕೆಲಸ ಮಾಡೋಣ ಎಂದು ಕಾದರೆ ಆ ಮನಸ್ಸು ಬರುವುದೇ ಇಲ್ಲ. ಸಣ್ಣ ಕೆಲಸ ಮೊದಲು, ಹುರುಪು ಆಮೇಲೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮನೋವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯ ಆಪ್ತಸಲಹೆಗಾರರು ಆರರಿಂದ ಎಂಟು ಭೇಟಿಗಳಲ್ಲಿ ಇದೇ ವಿಧಾನ ಹೇಳಿಕೊಟ್ಟಾಗ ತೀವ್ರ ಖಿನ್ನತೆಯವರೂ ಚೇತರಿಸಿಕೊಂಡರು ಎಂಬುದನ್ನು 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿತು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುವುದು, ಮೊಮ್ಮಗುವನ್ನು ಅಂಗನವಾಡಿಗೆ ಬಿಡುವುದು, ಸಂಜೆ ಅರಳಿಕಟ್ಟೆಯವರೆಗೆ ನಡೆಯುವುದು. ಇಷ್ಟರಿಂದಲೇ ಶುರು ಮಾಡಬಹುದು, ಮೊದಲ ವಾರ ಮನೆಯವರೊಬ್ಬರು ಜೊತೆಗೆ ಹೋಗಬೇಕು.

ಬಾಣಂತಿಯ ಅಳು, ಫಲಿತಾಂಶದ ದಿನ

ಹೆರಿಗೆಯಾದ ಮೊದಲ ಕೆಲವು ದಿನ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಎರಡು ವಾರ ಕಳೆದರೂ ಅಳು ನಿಲ್ಲದೆ, ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದೆ, ಕೂಸಿನ ಮೇಲೆ ಅಕ್ಕರೆಯೇ ಹುಟ್ಟದಿದ್ದರೆ ವೈದ್ಯರಿಗೆ ತೋರಿಸಬೇಕು. ಗಾಳಿ ಸೋಕಿದೆ ಎಂದು ದಿನ ದೂಡುವುದು ಅಪಾಯ. ತ್ರಿವೇಣಿಯವರ ಕಾದಂಬರಿ 'ಶರಪಂಜರ' ಮತ್ತು 1971ರಲ್ಲಿ ಪುಟ್ಟಣ್ಣ ಕಣಗಾಲ್ ತೆರೆಗೆ ತಂದ ಅದರ ಚಿತ್ರ ಈ ನೋವನ್ನು ಕನ್ನಡಿಗರ ಮುಂದಿಟ್ಟು ದಶಕಗಳೇ ಕಳೆದಿವೆ. ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗುವನ್ನು ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗವಿದೆ. ಆದರೂ ತುಮಕೂರು ಜಿಲ್ಲೆಯ ಕೆಲವು ಹಟ್ಟಿಗಳಲ್ಲಿ ಬಾಣಂತಿಯನ್ನು ಊರಾಚೆಯ ಗುಡಿಸಲಲ್ಲಿ ಇರಿಸುವ ಪದ್ಧತಿ ಉಳಿದಿದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಹಟ್ಟಿಯೊಂದರಲ್ಲಿ ಹೀಗೆ ಹೊರಗಿದ್ದ ತಾಯಿಯ ಹಸುಗೂಸು ತೀರಿಕೊಂಡಿತು. ಬಾಣಂತಿಗೆ ಮೊದಲು ಬೇಕಾದದ್ದು ಪಕ್ಕದಲ್ಲೊಂದು ಜೀವ. ಒಂಟಿತನ ಆ ದಿನಗಳಲ್ಲಿ ದೇಹಕ್ಕೂ ಮನಸ್ಸಿಗೂ ಪೆಟ್ಟು.

ಶಾಲೆಗಳ ಆಡಳಿತಕ್ಕೆ ಮಧುಗಿರಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಈ ನಾಲ್ಕೂ ತಾಲ್ಲೂಕುಗಳು ಅದಕ್ಕೇ ಸೇರಿವೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಎಷ್ಟೋ ಮನೆಗಳಲ್ಲಿ ಉಸಿರು ಬಿಗಿಹಿಡಿದ ವಾತಾವರಣ. ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶವಿದೆ ಎಂಬುದನ್ನು ಮಕ್ಕಳಿಗೆ ಫಲಿತಾಂಶ ಬರುವ ಮೊದಲೇ ಹೇಳಿಟ್ಟರೆ ಅರ್ಧ ಭಯ ಇಳಿಯುತ್ತದೆ. ಅನುತ್ತೀರ್ಣನಾದ ಹುಡುಗನಿಗೆ ಆ ದಿನ ಬೇಕಾದದ್ದು ಊಟ, ಜೊತೆ ಮತ್ತು "ಮುಂದಿನದ್ದು ನಾಳೆ ಕೂತು ನೋಡೋಣ" ಎಂಬ ಭರವಸೆ. ದೊಡ್ಡಪ್ಪನ ಮಗನ ಅಂಕ ಆ ದಿನ ಮನೆಯಲ್ಲಿ ಯಾರ ಬಾಯಿಂದಲೂ ಬರಬಾರದು.

ಮೆದು ಮಾತಿಗೂ ಒಂದು ಮಿತಿಯಿದೆ. ಕುಡಿದು ಬಂದು ಹೊಡೆಯುವ ಗಂಡನ ಜೊತೆ ಹೆಂಡತಿ ತಾಳ್ಮೆಯಿಂದ ಮಾತನಾಡಬೇಕು ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಅಲ್ಲಿ ಮೊದಲು ಬೇಕಾದದ್ದು ಸುರಕ್ಷತೆ: ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098. ಕುಡಿತಕ್ಕೂ ಚಿಕಿತ್ಸೆಯಿದೆ, ಆ ಮಾತು ಎತ್ತುವುದಾದರೆ ಅಮಲು ಇಳಿದ ಬೆಳಗಿನ ಹೊತ್ತು, ಜೊತೆಗೆ ಹಿರಿಯರೊಬ್ಬರು ಇರುವಾಗ ಎತ್ತಬೇಕು.

ಹತ್ತಿರದಲ್ಲೇ ಇರುವ ನೆರವು

2015–16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಖಿನ್ನತೆ, ಆತಂಕದಂಥ ಸಾಮಾನ್ಯ ಸಮಸ್ಯೆಗಳಿರುವ ಸುಮಾರು ಶೇ 85ರಷ್ಟು ಜನರಿಗೆ ಚಿಕಿತ್ಸೆ ಸಿಗುತ್ತಿರಲಿಲ್ಲ. ಈ ಕೊರತೆಯನ್ನು ತುಂಬುವ ದಾರಿ ತೋರಿಸಿದ ರಾಜ್ಯ ಕರ್ನಾಟಕವೇ. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಆರಂಭಿಸಿದ ಪ್ರಯೋಗ ಮುಂದೆ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಬೆಂಗಳೂರಿನಾಚೆಯ ಊರುಗಳಲ್ಲಿ ನಿಮ್ಹಾನ್ಸ್ ನಡೆಸುತ್ತ ಬಂದ ವಿಸ್ತರಣಾ ಕ್ಲಿನಿಕ್‌ಗಳ ಪಟ್ಟಿಯಲ್ಲಿ ಗುಂಜೂರು, ಕನಕಪುರ, ಗೌರಿಬಿದನೂರಿನ ಜೊತೆ ಮಧುಗಿರಿಯೂ ಇದೆ. ತುಮಕೂರು ಜಿಲ್ಲೆಯದೇ ಆದ ತುರುವೇಕೆರೆಯಲ್ಲಿ 2009ರಿಂದ ನಡೆದ ಕಾರ್ಯಕ್ರಮ ತೀವ್ರ ಮನೋರೋಗವಿದ್ದವರನ್ನು ಆಶಾ ಮತ್ತಿತರ ಆರೋಗ್ಯ ಕಾರ್ಯಕರ್ತರ ನೆರವಿನಿಂದ ಹುಡುಕಿ, ಊರಲ್ಲೇ ಔಷಧ ಕೊಟ್ಟು, ಮನೆಯವರ ಜೊತೆ ಸಂಪರ್ಕ ಇಟ್ಟುಕೊಂಡಿತು. ಚಿಕಿತ್ಸೆ ಬಿಡದೆ ಮುಂದುವರಿಸಿದವರು ದಿನನಿತ್ಯದ ಕೆಲಸಗಳಿಗೆ ಮರಳುವುದು ಸಾಧ್ಯ ಎಂಬುದು ಅಲ್ಲಿ ಕಂಡಿತು.

2014ರಲ್ಲಿ ಶುರುವಾದ 'ಮನೋಚೈತನ್ಯ' ಕಾರ್ಯಕ್ರಮದಡಿ ರಾಜ್ಯದ ತಾಲ್ಲೂಕು ಆಸ್ಪತ್ರೆಗಳಿಗೆ ನಿಗದಿತ ಮಂಗಳವಾರ ಮನೋವೈದ್ಯರು ಬರುತ್ತಾರೆ. ತಮ್ಮ ತಾಲ್ಲೂಕಿನ ಸರದಿ ಯಾವಾಗ ಎಂದು ಆಶಾ ಕಾರ್ಯಕರ್ತೆಯರನ್ನು ಅಥವಾ ಆಸ್ಪತ್ರೆಯಲ್ಲೇ ವಿಚಾರಿಸಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಸಾಯುವ ಮಾತು ಯಾರ ಬಾಯಲ್ಲಾದರೂ ಬಂದರೆ ಅದನ್ನು ಬೆದರಿಕೆ ಎಂದು ತಳ್ಳಿಹಾಕದೆ, "ಸಾಯಬೇಕು ಅಂತ ಅನ್ನಿಸ್ತಿದೆಯಾ?" ಎಂದು ನೇರವಾಗಿಯೇ ಕೇಳಬೇಕು. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ ಎಂಬುದನ್ನು ಸಂಶೋಧನೆ ಸ್ಪಷ್ಟಪಡಿಸಿದೆ. ಹೊಲಕ್ಕೆ ತಂದ ಕೀಟನಾಶಕವನ್ನು ಬೀಗ ಹಾಕಿ ಇಟ್ಟು, ಅವರನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಆಸ್ಪತ್ರೆಗೆ ಹೋಗುವಾಗ ಮನೆಯವರೊಬ್ಬರು ಜೊತೆಗಿದ್ದು, ವೈದ್ಯರ ಕೋಣೆಗೂ ಹೋಗುವುದು ಒಳ್ಳೆಯದು. ನಿದ್ದೆ ಕೆಟ್ಟು ಎಷ್ಟು ದಿನವಾಯಿತು, ಊಟ ಎಷ್ಟಕ್ಕೆ ಇಳಿದಿದೆ, ಯಾವ ಕೆಲಸ ನಿಂತುಹೋಗಿದೆ, ಈಗಾಗಲೇ ಯಾವ ಮಾತ್ರೆ ನುಂಗುತ್ತಿದ್ದಾರೆ ಎಂಬ ವಿವರಗಳನ್ನು ಒಂದು ಚೀಟಿಯಲ್ಲಿ ಬರೆದೊಯ್ದರೆ ವೈದ್ಯರ ಕೆಲಸ ಹಗುರವಾಗುತ್ತದೆ. ಖಿನ್ನತೆಯ ಮಾತ್ರೆಗಳ ಗುಣ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಈ ಅವಧಿಯಲ್ಲೇ ಬಹಳ ಜನ "ಗುಣ ಇಲ್ಲ" ಎಂದು ಬಿಟ್ಟುಬಿಡುತ್ತಾರೆ. ಆ ಕೆಲವು ವಾರ ಮಾತ್ರೆ ತಪ್ಪದಂತೆ, ಬೈಗುಳ ಬೀಳದಂತೆ ನೋಡಿಕೊಳ್ಳುವ ಹೊಣೆ ಮನೆಯವರದು. ವೈದ್ಯರನ್ನು ಮತ್ತೆ ಕಾಣುವ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟರೆ ಮರೆಯುವ ಭಯವೂ ಇರುವುದಿಲ್ಲ.