ಗವಾಯಿಗಳು ಆರಿಸಿಕೊಂಡ ಆನಂದ

ಹಾನಗಲ್ಲ ಸೀಮೆಯ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಕೂಸು ಅದು. ಚಿಕ್ಕಂದಿನಲ್ಲೇ ಕಣ್ಣು ಹೋದವು. ಎಳವೆಯಲ್ಲೇ ತಂದೆಯೂ ತೀರಿಕೊಂಡರು. ಸೋದರಮಾವ ಚಂದ್ರಶೇಖರಯ್ಯನವರು ಸಾಕುವ ಹೊಣೆ ಹೊತ್ತರು. ಹುಡುಗ ಹಾರ್ಮೋನಿಯಂ ಮುಂದೆ ಕೂತು, ತನ್ನಷ್ಟಕ್ಕೆ ತಾನು ಅದರ ಮನೆಗಳನ್ನು ಬೆರಳಲ್ಲಿ ಹುಡುಕಿ ಹುಡುಕಿ ಸ್ವರ ಹಿಡಿಯುತ್ತಿದ್ದದ್ದು ಮಾವನ ಕಿವಿಗೆ ಬಿತ್ತು. ‘ಅಯ್ಯೋ ಪಾಪ’ ಎಂದು ಮರುಗುತ್ತ ಕೂರುವುದಕ್ಕೆ ಅವರಿಗೆ ಬೇಕಾದಷ್ಟು ಕಾರಣಗಳಿದ್ದವು. ಅವರು ಮಾತ್ರ ಹುಡುಗನನ್ನು ಕರೆದೊಯ್ದು ಪಂಚಾಕ್ಷರ ಗವಾಯಿಗಳ ಮಡಿಲಿಗೆ ಹಾಕಿದರು. ಮುಂದೆ ನಾಡೆಲ್ಲ ಕೈಮುಗಿದ ಪುಟ್ಟರಾಜ ಗವಾಯಿಗಳು ಇವರೇ.

ಗುರುವಿಗೂ ಕಣ್ಣಿರಲಿಲ್ಲ. ಅವರು ಕಾಡಶೆಟ್ಟಿಹಳ್ಳಿಯ ಬಾಲಕನಾಗಿದ್ದಾಗ ಕಂಠ ಗುರುತಿಸಿ ಸಂಗೀತ ಶಿಕ್ಷಣ ಕೊಡಿಸಿದವರು ಹಾನಗಲ್ಲ ಕುಮಾರ ಸ್ವಾಮಿಗಳು. ತನಗೆ ಸಿಕ್ಕಿದ್ದನ್ನು ತನ್ನಂಥ ಮಕ್ಕಳಿಗೆ ಕೊಡಬೇಕೆಂದು ಪಂಚಾಕ್ಷರ ಗವಾಯಿಗಳು ಪಾಠಶಾಲೆ ಕಟ್ಟಿದರು. ಅದಕ್ಕೆ ಮೊದಲು ನೆಲೆಯೇ ಇರಲಿಲ್ಲ. ಮಕ್ಕಳು, ವಾದ್ಯಗಳು, ಅಡುಗೆಯ ಪಾತ್ರೆ ಎಲ್ಲ ಹೊತ್ತು ಊರಿಂದೂರಿಗೆ ಸಾಗುತ್ತಿದ್ದ ಗುರುಕುಲ ಕೊನೆಗೆ ನಿಂತದ್ದು ಗದಗಿನಲ್ಲಿ, ವೀರೇಶ್ವರ ಪುಣ್ಯಾಶ್ರಮವಾಗಿ.

ಆನಂದವನ್ನು ಆರಿಸಿಕೊಳ್ಳಿ ಎಂದು ಹೇಳುವುದು ಸುಲಭ. ನೊಂದವರಿಗೆ ಅದು ಗಾಯದ ಮೇಲೆ ಉಪ್ಪು ಸುರಿದಂತೆಯೂ ಕೇಳಿಸೀತು. ಗದಗಿನ ಆಶ್ರಮದ ದಾರಿ ನನಗೆ ಹಿಡಿಸುವುದು ಅದಕ್ಕೇ. ಅಲ್ಲಿ ಮೊದಲು ಹೊಟ್ಟೆಗೆ ಅನ್ನ, ಆಮೇಲೆ ಕೈಗೊಂದು ವಾದ್ಯ. ಕಣ್ಣಿಲ್ಲದ ಹುಡುಗ ತಬಲಾ ಕಲಿಯುವುದನ್ನು ನೆನೆಯಿರಿ. ಗುರುವಿನ ಬೆರಳು ಎಲ್ಲಿ ಬೀಳುತ್ತದೆಂದು ನೋಡಿ ಕಲಿಯುವಂತಿಲ್ಲ. ಗುರುವೇ ಅವನ ಕೈ ಹಿಡಿದು, ತೋರುಬೆರಳನ್ನು ಅಂಚಿಗೆ ಇಡಬೇಕು, ಎಡ ಅಂಗೈಯ ಬುಡವನ್ನು ಡಗ್ಗಾದ ಮೇಲೆ ಊರಿಸಬೇಕು. ‘ಧಾ’ ಎಂದು ಬಾಯಲ್ಲಿ ಹೇಳಬೇಕು, ಹೇಳಿಸಬೇಕು. ಬೆರಳು ತಪ್ಪಿದರೆ ನಾದ ಮಂಕಾಗುತ್ತದೆ, ಮತ್ತೆ ಮೊದಲಿನಿಂದ. ಹಾಗೆ ಬಡಿಯುತ್ತ ಬಡಿಯುತ್ತ ಒಂದು ದಿನ ಧಾ ಖಣ್ ಎನ್ನುತ್ತದೆ. ಆ ಹುಡುಗನ ಮುಖದಲ್ಲಿ ಆಗ ಮೂಡುವ ನಗೆಯನ್ನು ಯಾರೂ ದಾನ ಕೊಟ್ಟಿರುವುದಿಲ್ಲ.

1944ರಲ್ಲಿ ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದರು. ತಾಯಿ, ತಂದೆ, ಗುರು ಎಲ್ಲವೂ ಆಗಿದ್ದವರು ಇಲ್ಲವಾದಾಗ ಪುಟ್ಟರಾಜರಿಗೆ ಮೂವತ್ತು ವರ್ಷ. ಆ ದುಃಖ ಎಂಥದ್ದಿತ್ತೋ! ಆದರೆ ಆಶ್ರಮದ ಮಕ್ಕಳಿಗೆ ಹೊತ್ತು ಹೊತ್ತಿಗೆ ಊಟವಾಗಬೇಕಿತ್ತು, ಪಾಠ ನಿಲ್ಲಬಾರದಿತ್ತು. ಅವರು ನಾಟಕ ಕಂಪನಿ ನಡೆಸಿದರು, ಊರೂರು ತಿರುಗಿ ಹಾಡಿದರು, ಬ್ರೈಲ್‌ನಲ್ಲಿ ಚುಕ್ಕಿ ಚುಕ್ಕಿ ಒತ್ತಿ ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಕೃತಿ ರಚಿಸಿದರು. ಭಕ್ತರು ತುಲಾಭಾರ ಮಾಡಿದರೆ ತಕ್ಕಡಿಗೆ ಬಿದ್ದದ್ದೆಲ್ಲ ಆಶ್ರಮಕ್ಕೆ. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರೂ ಹೊರಟರು. ಅಷ್ಟರಲ್ಲಿ ಆಶ್ರಮದ ಹೊಣೆ ಹೊತ್ತು ಅರವತ್ತಾರು ವರ್ಷ ಕಳೆದಿದ್ದವು.

ಈ ಆನಂದ ನೋವನ್ನು ಅಳಿಸುವಂಥದ್ದಲ್ಲ. ಕಣ್ಣು ಮರಳಿ ಬರಲಿಲ್ಲ, ಹೋದ ಗುರು ಬರಲಿಲ್ಲ. ಇನ್ನೊಬ್ಬರ ಕೈ ಹಿಡಿದು ಕಲಿಸುವ ಕೆಲಸವನ್ನು ಪುಟ್ಟರಾಜರು ಬೆಳಗಾದರೆ ಮತ್ತೆ ಎತ್ತಿಕೊಳ್ಳುತ್ತಿದ್ದರು, ಅವರ ಆಯ್ಕೆ ಇದ್ದದ್ದು ಅಷ್ಟರಲ್ಲೇ. ಹತಾಶೆಗೆ ಇದಕ್ಕಿಂತ ಗಟ್ಟಿ ಉತ್ತರವನ್ನು ನಾನು ಕಂಡಿಲ್ಲ.

ಬಸವರಾಜ ರಾಜಗುರು ಅವರಂಥ ದೊಡ್ಡ ಗಾಯಕರು ಬೆಳೆದದ್ದು ಪಂಚಾಕ್ಷರ ಗವಾಯಿಗಳ ಕೈಯಲ್ಲೇ. ಹೆಸರಾಗದವರೂ ಬಹಳ ಮಂದಿ. ಉತ್ತರ ಕರ್ನಾಟಕದ ಹಳ್ಳಿಯೊಂದರಲ್ಲಿ ಶ್ರಾವಣದ ಪುರಾಣ ನಡೆದಿದ್ದರೆ ಹೋಗಿ ಕೂತು ನೋಡಿ. ಪ್ರವಚನಕಾರರ ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದ ಗವಾಯಿಗಳನ್ನು, ತಬಲಾ ಸಾಥಿಯನ್ನು ಎಲ್ಲಿ ಕಲಿತಿರಿ ಎಂದು ಕೇಳಿ. ಗದಗಿನ ಆಶ್ರಮದಲ್ಲಿ ಎಂಬ ಉತ್ತರ ಬಂದರೆ ಅಚ್ಚರಿಯೇನಿಲ್ಲ. ಒಂದು ಕಾಲಕ್ಕೆ ಕಣ್ಣಿಲ್ಲದ ಮಕ್ಕಳಿಗೆ ಭಿಕ್ಷೆ ನೀಡುತ್ತಿದ್ದ ಊರುಗಳು ಈಗ ಅವರನ್ನು ವೀಳ್ಯ ಕೊಟ್ಟು ಕರೆಸುತ್ತವೆ.